ಗೋದಲಿಯಿಂದ ಇಳಿದ ಗೊಂಬೆ

ಡಿಸೆಂಬರ್ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ. ಮಕ್ಕಳು ಹಿತ್ತಿಲ ಕಲ್ಲಿನ ಮೇಲಿನ ಹಸಿರು ಪಾಚಿಯನ್ನು ಹದವಾಗಿ ಎಬ್ಬಿಸಿ ತರುತ್ತಾರೆ. ವಾರಕ್ಕೆ ಮೊದಲೇ ತಟ್ಟೆಯಲ್ಲಿ ಬಿತ್ತಿ ಮೊಳಕೆ ಬರಿಸಿದ ಭತ್ತವೋ ರಾಗಿಯೋ ಹುಲ್ಲುಗಾವಲಾಗುತ್ತದೆ. ಅದರ ನಡುವೆ ಸೋಗೆಯ ಪುಟ್ಟ ಕೊಟ್ಟಿಗೆ, ಕೊಟ್ಟಿಗೆಯೊಳಗೆ ಮಣ್ಣಿನ ಮಗು, ತಾಯಿ, ತಂದೆ, ಎತ್ತು, ಕತ್ತೆ, ಕುರುಬರು. ಎರಡು ತಿಂಗಳ ಹಿಂದಷ್ಟೇ ಪಕ್ಕದ ಮನೆಗಳಲ್ಲಿ ನವರಾತ್ರಿಯ ಗೊಂಬೆಗಳು ಕೂತು ಎದ್ದಿರುತ್ತವೆ. ಹಾಗಾಗಿ ಇಲ್ಲಿನ ಮಕ್ಕಳಿಗೆ, ಅವರು ಯಾವ ಮತದವರೇ ಇರಲಿ, ಗೊಂಬೆಯೂ ದೇವರ ಕಥೆಯೂ ಒಟ್ಟಿಗೆ ಇರುವುದು ಹೊಸ ಸಂಗತಿಯಲ್ಲ.

ಆದರೆ ಗೋದಲಿಯ ಗೊಂಬೆ ಮಾತಾಡುವುದಿಲ್ಲ. ಅದನ್ನು ಮಾತಾಡಿಸುವ ಕೆಲಸಕ್ಕೆ ಇಂದಿನ ಚರ್ಚುಗಳಲ್ಲಿ ‘ಪಪೆಟ್ ಮಿನಿಸ್ಟ್ರಿ’ ಎಂಬ ಹೆಸರಿದೆ. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ, ಬೇಸಿಗೆ ರಜೆಯ ಬೈಬಲ್ ಶಾಲೆಯಲ್ಲಿ, ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಒಂದು ಪರದೆ ಕಟ್ಟಿ, ಅದರ ಹಿಂದೆ ಕೂತ ಹುಡುಗ ಹುಡುಗಿಯರು ಕೈಗವಸಿನಂಥ ಗೊಂಬೆಗಳನ್ನು ತೊಟ್ಟು ಬೈಬಲಿನ ಕಥೆಗಳನ್ನು ಆಡಿ ತೋರಿಸುವುದು ಇದರ ರೂಪ. ಕೇಳಲು ಸರಳ. ಆದರೆ ಈ ಪುಟ್ಟ ಪರದೆಯ ಹಿಂದೆ ಯಾರ ಭಾಷೆ, ಯಾರ ಕೈ, ಯಾರಿಗಾಗಿ ಎಂಬ ದೊಡ್ಡ ಪ್ರಶ್ನೆಗಳೇ ಅಡಗಿ ಕೂತಿವೆ. ಮಲೆನಾಡಿನಂಥ ಕಡೆ ಅವು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಕ್ರೈಸ್ತ ಧರ್ಮಕ್ಕೂ ಗೊಂಬೆಗೂ ಇರುವ ನಂಟು ಹಳೆಯದು, ಜಗಳದ್ದೂ ಹೌದು. ಸೂತ್ರದ ಗೊಂಬೆಗೆ ಯುರೋಪಿನಲ್ಲಿರುವ ‘ಮಾರಿಯೊನೆಟ್’ ಎಂಬ ಹೆಸರೇ ‘ಪುಟ್ಟ ಮರಿಯಾ’ ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ನಿಜವಾದ ಎತ್ತು, ಕತ್ತೆಗಳನ್ನೇ ತಂದು ನಿಲ್ಲಿಸಿ ಕ್ರಿಸ್ತಜನನದ ದೃಶ್ಯ ಕಟ್ಟಿದ. ನಮ್ಮ ಗೋದಲಿಯ ಮೂಲವನ್ನು ಸಾಮಾನ್ಯವಾಗಿ ಅಲ್ಲಿಗೇ ಒಯ್ಯುತ್ತಾರೆ. ಪೋಲೆಂಡಿನ ಕ್ರಾಕೊ ನಗರದಲ್ಲಿ ಗೋದಲಿಯೇ ಗೊಂಬೆಯಾಟದ ಪೆಟ್ಟಿಗೆಯಾಯಿತು. ‘ಶೋಪ್ಕ’ ಎಂಬ ಆ ಸಂಪ್ರದಾಯವನ್ನು 2018ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಉಕ್ರೇನಿನ ‘ವೆರ್ತೆಪ್’ ಇನ್ನೂ ಸ್ವಾರಸ್ಯದ್ದು. ಅದು ಎರಡು ಅಂತಸ್ತಿನ ಪೆಟ್ಟಿಗೆ. ಮೇಲಂತಸ್ತಿನಲ್ಲಿ ಮಗು ಯೇಸು, ದೇವದೂತರು. ಕೆಳಗಿನ ಅಂತಸ್ತಿನಲ್ಲಿ ದುಷ್ಟ ರಾಜ ಹೆರೋದ, ಅವನನ್ನು ಹಿಡಿಯಲು ಬರುವ ಸಾವು, ಊರಿನ ರೈತರು, ಸಿಪಾಯಿಗಳು, ಹಾಸ್ಯ. ಜನ ಮೇಲಿನದಕ್ಕೆ ಕೈಮುಗಿಯುತ್ತಿದ್ದರು, ಕೆಳಗಿನದಕ್ಕೆ ನಗುತ್ತಿದ್ದರು. ಆಟ ಉಳಿದು ಬಂದದ್ದರಲ್ಲಿ ಕೆಳಗಿನ ಅಂತಸ್ತಿನ ಪಾಲೇ ಹೆಚ್ಚೆಂದು ನನಗನ್ನಿಸುತ್ತದೆ.

ಇನ್ನು ಜಗಳದ ಕಥೆ. ಇಂಗ್ಲೆಂಡಿನ ಬಾಕ್ಸ್‌ಲಿ ಎಂಬಲ್ಲಿನ ಮಠದಲ್ಲಿ ಕಣ್ಣು ತುಟಿ ಅಲ್ಲಾಡಿಸುವ ಶಿಲುಬೆಯ ಮೂರ್ತಿಯೊಂದಿತ್ತು. ಅದನ್ನು ನೋಡಲು ಯಾತ್ರಿಕರು ಬರುತ್ತಿದ್ದರು. 1538ರಲ್ಲಿ, ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸುತ್ತಿದ್ದ ಕಾಲದಲ್ಲಿ, ಅದರೊಳಗಿನ ತಂತಿಗಳನ್ನು ಜನರೆದುರು ಬಿಚ್ಚಿ ತೋರಿಸಿ, ಕೊನೆಗೆ ಲಂಡನ್ನಿನಲ್ಲಿ ಮೂರ್ತಿಯನ್ನು ಒಡೆದು ಸುಟ್ಟರು. ಅದು ನಿಜಕ್ಕೂ ಮೋಸವಾಗಿತ್ತೇ, ಇಲ್ಲವೇ ಎಲ್ಲರಿಗೂ ತಿಳಿದಿದ್ದ ಆಟವನ್ನೇ ಮೋಸವೆಂದು ಸಾರಿದರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಪ್ರಶ್ನೆ ಮಾತ್ರ ಉಳಿದುಕೊಂಡಿತು. ದಾರವನ್ನು ಬಚ್ಚಿಟ್ಟರೆ ಗೊಂಬೆ ಪವಾಡವಾಗುತ್ತದೆ, ದಾರ ಕಾಣುವಂತಿದ್ದರೆ ಆಟವಾಗುತ್ತದೆ. ಮಕ್ಕಳ ಮುಂದೆ ನಾವು ಇಡುವುದು ಯಾವುದನ್ನು?

ಮಕ್ಕಳಿಗಾಗಿ ಭಾನುವಾರದ ಶಾಲೆ ಎಂಬ ಏರ್ಪಾಡು ಜನಪ್ರಿಯವಾದದ್ದು ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಎಂಬ ಪತ್ರಿಕಾ ಸಂಪಾದಕನಿಂದ. ವಾರವೆಲ್ಲ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಬಡ ಮಕ್ಕಳಿಗೆ ಅಕ್ಷರ ಕಲಿಸುವುದೇ ಅದರ ಮೊದಲ ಕೆಲಸವಾಗಿತ್ತು. ಧರ್ಮಪಾಠ ಅದರೊಳಗೇ ಬರುತ್ತಿತ್ತು. ಆ ತರಗತಿಯೊಳಗೆ ಬಾಯಿ ತೆರೆಯುವ ಸ್ಪಂಜಿನ ಗೊಂಬೆ ಬಂದದ್ದು ತೀರ ಈಚೆಗೆ. 1969ರಲ್ಲಿ ಅಮೆರಿಕದ ದೂರದರ್ಶನದಲ್ಲಿ ‘ಸೆಸಮಿ ಸ್ಟ್ರೀಟ್’ ಶುರುವಾಗಿ ಜಿಮ್ ಹೆನ್ಸನ್ನನ ಗೊಂಬೆಗಳು ಮನೆಮಾತಾದ ಮೇಲೆ, 1970ರ ದಶಕದಲ್ಲಿ ಅಲ್ಲಿನ ಚರ್ಚುಗಳ ಯುವಕರು ಅಂಥದೇ ಗೊಂಬೆಗಳನ್ನು ಕೈಗೆತ್ತಿಕೊಂಡರು. ಅದಕ್ಕೆಂದೇ ಗೊಂಬೆ ಮಾರುವ ಅಂಗಡಿಗಳು, ಹಾಡಿನ ಕ್ಯಾಸೆಟ್ಟುಗಳು, ಕೈಪಿಡಿಗಳು ಬಂದವು. ಇವು ದೇಶ ದೇಶಕ್ಕೆ ಹರಡಿದಾಗ ಗೊಂಬೆಯ ಜೊತೆ ಅದರ ಭಾಷೆ, ಹಾಡು, ನಗೆಚಾಟಿಕೆಗಳೂ ಗಂಟುಕಟ್ಟಿಕೊಂಡು ಬಂದವು. ಕಿತ್ತಳೆ ಬಣ್ಣದ ಕೂದಲಿನ ಗೊಂಬೆಯೊಂದು ಧ್ವನಿಮುದ್ರಿತ ಇಂಗ್ಲಿಷ್ ಹಾಡಿಗೆ ಬಾಯಿ ಬಡಿಯುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆ ಬಣ್ಣಕ್ಕೋ ಕಥೆಗೋ ಎಂದು ಯಾರೂ ಕೇಳುವುದಿಲ್ಲ.

ಈ ಮೂರು ತಾಲ್ಲೂಕಿನ ಚರ್ಚುಗಳಲ್ಲಿ ಕೂರುವ ಮಕ್ಕಳು ಯಾರು ಎಂಬುದನ್ನು ಇಲ್ಲಿ ಸ್ವಲ್ಪ ನೋಡಬೇಕು. ಇದು ಕೆಳದಿ ಅರಸರ ನೆಲ. ಅವರ ಮೊದಲ ಎರಡು ರಾಜಧಾನಿಗಳಾದ ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿವೆ. 1763ರಲ್ಲಿ ಹೈದರಾಲಿ ವಶವಾದ ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿದೆ. ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರು ಕರಾವಳಿಯಲ್ಲಿ ನೆಲೆಯೂರಿದಾಗ ಆ ಸೀಮೆಯ ಬಹುಭಾಗ ಕೆಳದಿಯವರ ಆಳ್ವಿಕೆಯಲ್ಲೇ ಇತ್ತು. ಆ ಕುಟುಂಬಗಳಲ್ಲಿ ಕೆಲವು ಮುಂದೆ ಘಟ್ಟ ಹತ್ತಿದವು. ತೋಟದ ಕೆಲಸಕ್ಕೆ, ಶರಾವತಿ, ವಾರಾಹಿ ಯೋಜನೆಗಳ ಕೆಲಸಕ್ಕೆ ಬಂದವರಲ್ಲಿ ತಮಿಳರಿದ್ದರು. ಕೇರಳದಿಂದ ಬಂದು ಜಮೀನು ಮಾಡಿದವರಲ್ಲಿ ಸಿರಿಯನ್ ಕ್ರೈಸ್ತರಿದ್ದರು. ಪ್ರಾಟೆಸ್ಟಂಟ್ ಮಿಷನ್ನುಗಳ ಹಾದಿಯಲ್ಲಿ ಬಂದ ಕನ್ನಡ ಕುಟುಂಬಗಳೂ ಇವೆ. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ 1988ರಲ್ಲಿ ಚಿಕ್ಕಮಗಳೂರಿನಿಂದ ಬೇರೆಯಾಯಿತು. ಸಿರೋ ಮಲಬಾರ್ ಪದ್ಧತಿಯವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಆಯಿತು. ಹೀಗೆ ಒಂದೇ ಪೇಟೆಯ ನಾಲ್ಕು ಮಕ್ಕಳು ಮನೆಯಲ್ಲಿ ಕೊಂಕಣಿ, ಮಲಯಾಳಂ, ತಮಿಳು, ಕನ್ನಡ ಎಂದು ನಾಲ್ಕು ಭಾಷೆಗಳಲ್ಲಿ ಪ್ರಾರ್ಥನೆ ಹೇಳುತ್ತಿರಬಹುದು. ಜಗಳ ಆಡುವುದು, ಗೋಲಿ ಆಡುವುದು ಮಾತ್ರ ನಾಲ್ವರೂ ಕನ್ನಡದಲ್ಲೇ.

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ನಿನ ಜಾಗದಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಜನಭಾಷೆ ಎಂದರೆ ಯಾವುದು ಎಂಬ ತಕರಾರು ಕರ್ನಾಟಕದ ಚರ್ಚುಗಳಲ್ಲಿ ಆಮೇಲೆ ಎದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ದೊಡ್ಡವರ ಆ ತಕರಾರನ್ನು ಗೊಂಬೆ ಬಗೆಹರಿಸಲಾರದು. ಆದರೆ ಗೊಂಬೆಗೆ ಒಂದು ಅನುಕೂಲವಿದೆ. ಅದಕ್ಕೆ ಮನೆಮಾತು ಎಂಬುದಿಲ್ಲ. ಎದುರು ಕೂತ ಮಕ್ಕಳು ಯಾವ ಮಾತಿಗೆ ನಗುತ್ತಾರೋ ಅದೇ ಅದರ ಮಾತು. ಮಲೆನಾಡಿನ ಪೇಟೆಯಲ್ಲಿ ಅದು ಕನ್ನಡವೇ ಆಗಬೇಕು, ಅದೂ ಮಲೆನಾಡಿನ ಕನ್ನಡ.

ಇಲ್ಲೊಂದು ತೊಡಕಿದೆ. ಕನ್ನಡದಲ್ಲಿ ಸಂಪೂರ್ಣ ಬೈಬಲ್ ಅಚ್ಚಾದದ್ದು 1831ರಲ್ಲಿ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ವರ್ಷಗಟ್ಟಲೆ ದುಡಿಮೆಯಿಂದ. ಆಮೇಲೆ ಅದು ಹಲವು ಬಾರಿ ತಿದ್ದುಪಡಿಯಾಗಿದೆ. ಆದರೂ ‘ಸತ್ಯವೇದ’ದ ಕನ್ನಡ ಎಂದರೆ ಗ್ರಾಂಥಿಕ ಗಾಂಭೀರ್ಯದ ಕನ್ನಡ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಧರ್ಮಪಾಠ ಹೇಳುವವರು ಗೊಂಬೆಯ ಸಂಭಾಷಣೆ ಬರೆಯಲು ಕೂತರೆ ಪೆನ್ನಿನ ತುದಿಗೆ ಮೊದಲು ಬರುವುದು ಆ ಕನ್ನಡವೇ. ಬಟ್ಟೆಯ ಗೊಂಬೆಯೊಂದು ‘ಆಗಲೇನಾಯಿತೆಂದರೆ’ ಎಂದು ಶುರುಮಾಡಿದರೆ ಆರು ವರ್ಷದ ಮಗು ಆಕಳಿಸುತ್ತದೆ. ಗಂಭೀರ ಭಾಷೆ ವೇದಿಕೆಯ ಮೇಲೆ ನಿಂತ ಪಾದ್ರಿಯವರಿಗೆ ಒಪ್ಪುತ್ತದೆ. ಗೊಂಬೆಗೆ ಕಚಗುಳಿಯ ಭಾಷೆಯೇ ಬೇಕು.

ಕಥೆಯ ವಿಷಯಕ್ಕೂ ಈ ಮಾತು ಸಲ್ಲುತ್ತದೆ. ಕಳೆದುಹೋದ ಕುರಿಯ ಸಾಮತಿ ಮಕ್ಕಳ ತರಗತಿಗಳಲ್ಲಿ ಎಲ್ಲೆಲ್ಲೂ ಹೇಳುವ ಕಥೆ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ ಕುರುಬ ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದೊಂದನ್ನೇ ಹುಡುಕಿಕೊಂಡು ಹೋಗುತ್ತಾನೆ. ಆದರೆ ಜಿಗಣೆ, ಜೀರುಂಡೆಗಳ ಈ ಕಾಡಿನಲ್ಲಿ ಕುರಿಹಿಂಡು ಎಲ್ಲಿದೆ? ಇಲ್ಲಿನ ಮಕ್ಕಳಿಗೆ ಗೊತ್ತಿರುವುದು ಸಂಜೆ ಕೊಟ್ಟಿಗೆಗೆ ಬಾರದ ದನ. ಕತ್ತಲಾಗುತ್ತಿದ್ದಂತೆ ಮನೆಯವರ ಮುಖ ಚಿಕ್ಕದಾಗುವುದು, ಬ್ಯಾಟರಿ ಹಿಡಿದು ಹಾಡ್ಯದ ಕಡೆ ಹೋಗುವುದು, ದೂರದಲ್ಲಿ ಕೊರಳ ಗಂಟೆ ಕೇಳಿತೋ ಇಲ್ಲವೋ ಎಂದು ಕಿವಿಗೊಡುವುದು, ಹುಲಿಯೋ ಚಿರತೆಯೋ ಹಿಡಿದಿರಬಹುದೆಂಬ ಅಳುಕು: ಇದೆಲ್ಲ ಅವರು ಬದುಕಿದ ಕಥೆ. ಕುರಿಯ ಜಾಗದಲ್ಲಿ ದನ ಬಂದರೆ ಕಥೆ ಕೆಡುವುದಿಲ್ಲ, ತನ್ನ ಮನೆಗೇ ಬಂದು ಕೂರುತ್ತದೆ. ಅಂಥ ಒಂದು ಆಟದಲ್ಲಿ ಪೋಕರಿ ಗೊಂಬೆಯೊಂದು ಯಜಮಾನನ ಗೊಂಬೆಯನ್ನು ಅಡ್ಡಗಟ್ಟುತ್ತದೆ ಎಂದಿಟ್ಟುಕೊಳ್ಳೋಣ.

“ಎಂತ ಅಣ್ಣಯ್ಯ, ತೊಂಬತ್ತೊಂಬತ್ತು ಬಂದಿದಾವಲ್ಲ. ಒಂದಕ್ಕೆ ಈ ಮಳೇಲಿ ಹೋಗೋದಾ?”

“ಹೌದಾ? ನಾಳೆ ನೀನು ಕಳೆದುಹೋದ್ರೆ ನಿನ್ನಪ್ಪ ಹಂಗೇ ಹೇಳ್ಲಿ?”

“ನಾನು ಒಂದಲ್ಲ ಅಣ್ಣಯ್ಯ, ನಾನು ಚಂದ್ರು!”

“ಅದಕ್ಕೂ ಹೆಸರಿದೆ ಕಣೋ. ಗೌರಿ.”

ಇಷ್ಟು ಸಾಕು. ಇದರ ಮೇಲೆ ಉಪದೇಶದ ಮಾತೊಂದನ್ನು ಹೇರಿದರೆ ಗೊಂಬೆ ಅಲ್ಲೇ ಸತ್ತಿತು. ಪೋಕರಿ ಗೊಂಬೆ ಕೇಳಿದ ಪ್ರಶ್ನೆ ಮಕ್ಕಳ ಮನಸ್ಸಿನಲ್ಲಿ ಇರುವಂಥದೇ. ಆದರೆ ಟೀಚರನ್ನು ಕೇಳಲು ಅವರಿಗೆ ಧೈರ್ಯವಿಲ್ಲ. ತೊಂಬತ್ತೊಂಬತ್ತರ ಗತಿಯೇನು ಎಂಬ ಅನುಮಾನ ಬಾಯಿಬಿಟ್ಟು ಬಂದಾಗಲೇ ಕಥೆಯ ತಿರುಳು ಬಿಚ್ಚಿಕೊಳ್ಳುವುದು.

ದೊಡ್ಡವರನ್ನು ಹೀಗೆ ಅಡ್ಡಗಟ್ಟಿ ಕೇಳುವ ಪಾತ್ರವನ್ನು ಹೊರದೇಶದ ಕೈಪಿಡಿಯಿಂದ ತರಬೇಕಾಗಿಲ್ಲ. ಹೊಸನಗರ ತಾಲ್ಲೂಕಿನಿಂದ ಹುಲಿಕಲ್ ಘಾಟಿ ಇಳಿದು ಸಿದ್ದಾಪುರದ ದಾರಿಯಲ್ಲಿ ಹೋದರೆ ಕುಂದಾಪುರ. ಅದರ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನ ಗೊಂಬೆಯಾಟವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಕಾಮತ ಮನೆತನವಿದೆ. ದೇವಣ್ಣ ಕಾಮತರು, ಅವರ ಮಗ ಕೊಗ್ಗ ಕಾಮತರು ಈ ಕಲೆಯನ್ನು ಊರ ಹೊರಗೂ ದೇಶದ ಹೊರಗೂ ಒಯ್ದರು. 2003ರಲ್ಲಿ ಕೊಗ್ಗ ಕಾಮತರು ತೀರಿಕೊಂಡ ಮೇಲೆ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಮುಂದುವರಿಸಿದರು. ಇವು ಮರದ ಗೊಂಬೆಗಳು, ಬಡಗುತಿಟ್ಟಿನ ವೇಷಭೂಷಣ, ಭಾಗವತರ ಹಾಡು, ಮದ್ದಳೆ, ಚಂಡೆ. ಗೊಂಬೆಯ ಕಾಲಿಗೂ ದಾರವಿರುವುದರಿಂದ ಅದು ಬರೀ ತೇಲುವುದಿಲ್ಲ, ಹೆಜ್ಜೆ ಹಾಕಿ ಕುಣಿಯುತ್ತದೆ. ದಾರ ಪ್ರೇಕ್ಷಕರಿಗೆ ಕಾಣುತ್ತದೆ. ಐದು ನಿಮಿಷದ ಮೇಲೆ ಯಾರೂ ಅದನ್ನು ನೋಡುವುದಿಲ್ಲ. ಹಾಸ್ಯಗಾರನ ಗೊಂಬೆ ಬಂತೆಂದರೆ ರಾಜನಿಗೂ ಉಳಿಗಾಲವಿಲ್ಲ. ಇನ್ನೊಂದು ಸಂಗತಿ. ಈ ಮನೆತನದ ಮನೆಮಾತು ಕೊಂಕಣಿ, ಅವರ ಗೊಂಬೆಗಳ ಮಾತು ಕನ್ನಡ. ಕೊಂಕಣಿ ಮನೆಯಿಂದ ಬಂದ ಕ್ರೈಸ್ತ ಹುಡುಗಿಯೊಬ್ಬಳು ಗೊಂಬೆಯ ಬಾಯಲ್ಲಿ ಕನ್ನಡ ಆಡಿಸಿದರೆ ಅದು ಹೊಸ ಸಾಹಸವೇನಲ್ಲ. ಘಟ್ಟದ ಕೆಳಗೆ ಬಹಳ ಕಾಲದಿಂದ ನಡೆದಿರುವುದೇ ಅದು.

ಹಳೆಯ ರೂಪ ಹೊಸ ಕಥೆಯನ್ನು ಹೊರಬಲ್ಲದೇ ಎಂಬ ಅನುಮಾನಕ್ಕೂ ಕರ್ನಾಟಕದಲ್ಲಿ ಉತ್ತರಗಳಿವೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣದ ತೊಗಲು ಗೊಂಬೆಗಳ ಬೆಳಕಿನ ಪರದೆಯ ಮೇಲೆ ಗಾಂಧೀಜಿಯ ಕಥೆಯನ್ನು ಆಡಿಸಿದರು. ದಕ್ಷಿಣ ಕನ್ನಡದಲ್ಲಿ ಯೇಸುವಿನ ಕಥೆಯನ್ನು ಯಕ್ಷಗಾನಕ್ಕೆ ತಂದ ಪ್ರಯೋಗಗಳು ನಡೆದಿವೆ. ಇನ್ನೂ ಹಿಂದೆ ಹೋದರೆ, 1616ರಲ್ಲಿ ಗೋವೆಯ ರಾಚೋಲಿನಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್ ಪಾದ್ರಿಯ ‘ಕ್ರಿಸ್ತಪುರಾಣ’ ಇದೆ. ಇಂಗ್ಲೆಂಡಿನಿಂದ ಬಂದ ಆತ ಬೈಬಲ್ ಕಥೆಯನ್ನು ಈ ನೆಲದ ಓವಿ ಛಂದಸ್ಸಿನಲ್ಲಿ, ಕೊಂಕಣಿ ಬೆರೆತ ಮರಾಠಿಯಲ್ಲಿ, ಸಾವಿರಾರು ಪದ್ಯಗಳಲ್ಲಿ ಹಾಡಿದ. ಪುರಾಣ ಕೇಳಿ ಬೆಳೆದ ಜನಕ್ಕೆ ಪುರಾಣದ ದಾಟಿಯಲ್ಲೇ ಹೇಳಬೇಕೆಂಬುದು ನಾಲ್ಕು ಶತಮಾನದ ಹಿಂದೆಯೇ ಒಬ್ಬ ಪರದೇಶಿಗೆ ಹೊಳೆದಿತ್ತು. ಇಲ್ಲೇ ಹುಟ್ಟಿ ಬೆಳೆದ ನಾವು ಕಿತ್ತಳೆ ಕೂದಲಿನ ಗೊಂಬೆಗಾಗಿ ಕಾದು ಕೂತಿರುವುದು ಸೋಜಿಗ.

ತಂಡ ಕಟ್ಟುವ ಕೆಲಸದ ಕಡೆ ಬರೋಣ. ಕುಣಿಯುವ ಸೂತ್ರದ ಗೊಂಬೆ ಮಕ್ಕಳ ಕೈಗೆ ಸುಲಭವಲ್ಲ, ಅದಕ್ಕೆ ವರ್ಷಗಳ ಪಳಗುವಿಕೆ ಬೇಕು. ಕೈಗವಸಿನ ಗೊಂಬೆ, ಕೋಲುಗೊಂಬೆಗಳೇ ವಾಸಿ. ಇನ್ನು ಸಾಮಗ್ರಿ. ಸ್ಪಂಜಿನ ಗೊಂಬೆಗೆ ಮಲೆನಾಡಿನ ಮಳೆಗಾಲವೇ ಶತ್ರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲೇ. ಜೂನ್‌ನಲ್ಲಿ ಪೆಟ್ಟಿಗೆಯಲ್ಲಿಟ್ಟ ಸ್ಪಂಜು ಸೆಪ್ಟೆಂಬರಿನಲ್ಲಿ ತೆಗೆದರೆ ಬೂಷ್ಟು ಹಿಡಿದ ಮುದ್ದೆ. ಇಲ್ಲಿ ಕೈಗೆಟುಕುವ ವಸ್ತು ಬೇರೆಯೇ ಇದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೆನೆಸಿ ಬಗ್ಗಿಸಿದರೆ ಮುಖ, ಕಿವಿ, ಕಿರೀಟ ಎಲ್ಲ ಆಗುತ್ತದೆ. ಹಾಳೆಟೊಪ್ಪಿ ಹೊಲಿಯುವ ಅಜ್ಜಂದಿರು ಆ ಹದವನ್ನು ಬಲ್ಲರು. ಹಳೆಯ ಪತ್ರಿಕೆಯನ್ನು ನೆನೆಸಿ ಅರೆದ ತಿರುಳಿನಲ್ಲೂ ಹಗುರವಾದ ತಲೆ ಮಾಡಬಹುದು. ಮೈದಾ ಅಂಟಿಗೆ ಹುಳು ಬೀಳದಂತೆ ಮೈಲುತುತ್ತ ಬೆರೆಸುವ ರೂಢಿಯುಂಟು. ಕೊಳೆಔಷಧಿ ಹೊಡೆಯುವ ಸೀಮೆಯಲ್ಲಿ ಅದೇನೂ ಅಪರೂಪದ ವಸ್ತುವಲ್ಲ, ಆದರೆ ಅದು ವಿಷ. ಆ ಕೆಲಸ ದೊಡ್ಡವರ ಕೈಯಲ್ಲೇ ಇರಬೇಕು, ಚಿಕ್ಕ ಮಕ್ಕಳಿರುವ ಕಡೆ ಬಿಟ್ಟೇಬಿಡುವುದು ಮೇಲು. ಬಟ್ಟೆಗೆ ದರ್ಜಿ ಅಂಗಡಿಯ ಚೂರುಗಳಿವೆ. ಮುಖದ ಕೆತ್ತನೆ ಕಲಿಯಬೇಕೆಂಬ ಹುಮ್ಮಸ್ಸಿನ ಹುಡುಗರಿದ್ದರೆ ಸಾಗರ, ಸೊರಬಗಳು ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ಊರುಗಳೇ ಆಗಿವೆ. ಮಳೆಗಾಲದಲ್ಲಿ ಗೊಂಬೆಗಳ ಜಾಗ ಕಬ್ಬಿಣದ ಪೆಟ್ಟಿಗೆಯಲ್ಲ, ಒಲೆಯ ಹೊಗೆ ತಾಗುವ ಅಟ್ಟ.

ಆಡಿಸುವುದರಲ್ಲಿ ಮೊದಲ ಕಷ್ಟ ತೋಳಿನದು. ಕೈ ಮೇಲೆತ್ತಿ ಹಿಡಿದು ನೋಡಿ, ಮೂರು ನಿಮಿಷಕ್ಕೆ ಭುಜ ಸೋಲುತ್ತದೆ, ಗೊಂಬೆ ನಿಧಾನವಾಗಿ ನೀರಿಗೆ ಮುಳುಗುವಂತೆ ಪರದೆಯ ಕೆಳಗೆ ಇಳಿಯುತ್ತದೆ. ಆದ್ದರಿಂದ ಆಟ ಏಳೆಂಟು ನಿಮಿಷಕ್ಕಿಂತ ಉದ್ದವಾಗಬಾರದು, ನಡುವೆ ಕೈ ಇಳಿಸಲು ಹಾಡು ಬೇಕು. ಗೊಂಬೆಯ ಕಣ್ಣು ಪ್ರೇಕ್ಷಕರ ಕಡೆ ಇರಬೇಕು. ಕೈಮಣಿಕಟ್ಟು ಸ್ವಲ್ಪ ಸಡಿಲವಾದರೆ ಅದು ಛಾವಣಿ ನೋಡಲು ತೊಡಗುತ್ತದೆ. ಬರುವಾಗ ಮೆಟ್ಟಿಲು ಹತ್ತಿದಂತೆ ಬರಬೇಕು, ಹೋಗುವಾಗ ಇಳಿದಂತೆ ಹೋಗಬೇಕು. ಬಾಯಿ ಆಡಿಸುವ ಗೊಂಬೆಯಾದರೆ ಸ್ವರಕ್ಕೊಮ್ಮೆ ಬಾಯಿ ತೆರೆಯಬೇಕೆಂಬುದು ಸಾಮಾನ್ಯ ನಿಯಮ. ಆದರೆ ಕನ್ನಡದ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ನಮ್ಮ ಗೊಂಬೆ ಮಾತು ಮುಗಿದರೂ ಬಾಯಿ ಬಿಟ್ಟುಕೊಂಡೇ ನಿಲ್ಲುವ ಸಂಭವ ಹೆಚ್ಚು! ಕೊನೆಯಲ್ಲಿ ಬಾಯಿ ಮುಚ್ಚಿಸುವುದನ್ನು ಬೇರೆಯಾಗಿ ಅಭ್ಯಾಸ ಮಾಡಬೇಕು. ಧ್ವನಿಮುದ್ರಿಕೆಗಿಂತ ಆಡಿಸುವವರ ಸ್ವಂತ ಧ್ವನಿಯೇ ಲೇಸು. ಮುಂದಿನ ಸಾಲಿನ ಮಗು ಏನಾದರೂ ಕೂಗಿ ಕೇಳಿದರೆ ಯಂತ್ರ ಉತ್ತರ ಕೊಡುವುದಿಲ್ಲ.

ಪರದೆಯ ಹಿಂದೆ ಯಾರನ್ನು ಕೂರಿಸಬೇಕೆಂಬುದು ಮುಖ್ಯ. ಚುರುಕಾಗಿ ಮಾತಾಡುವವರನ್ನೇ ಆರಿಸುವುದು ವಾಡಿಕೆ. ಅದಕ್ಕಿಂತ, ಸಭೆಯ ಮುಂದೆ ನಿಂತರೆ ತೊದಲುವ ಹುಡುಗನನ್ನು ಹಿಂದೆ ಕೂರಿಸಿ ನೋಡಬೇಕು. ಮುಖ ಮರೆಯಾದಾಗ ನಾಲಿಗೆ ಸಡಿಲಗೊಳ್ಳುವುದುಂಟು. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಮ್ ಒಂದು ಹಳ್ಳಿಯಲ್ಲಿ ಕೂತೇ ನಾಟಕವನ್ನು ಸಮುದಾಯದ ಕೆಲಸವಾಗಿಸಿತು, 1991ರಲ್ಲಿ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಸುತ್ತಿನಲ್ಲಿ ಮಕ್ಕಳ ರಂಗಶಿಬಿರ ನಡೆಸಿದ ಅನುಭವವುಳ್ಳವರಿಗೆ ಕೊರತೆಯಿಲ್ಲ. ಚರ್ಚಿನ ಗುಂಪೊಂದು ಅಂಥವರಲ್ಲಿ ಒಬ್ಬರನ್ನು ಕರೆದು ನಾಲ್ಕು ಭಾನುವಾರ ಕಲಿತರೆ ದೂರದ ಕೈಪಿಡಿಗಿಂತ ಹೆಚ್ಚು ದಕ್ಕುತ್ತದೆ.

ಇನ್ನೊಂದು ಸೂಕ್ಷ್ಮ: ಯೇಸುವನ್ನು ಗೊಂಬೆಯಾಗಿ ಮಾಡಬಹುದೇ? ಮೂರ್ತಿಗಳ ನಡುವೆ ಪ್ರಾರ್ಥಿಸುವ ಕಥೋಲಿಕರಿಗೂ ಮೂರ್ತಿಯನ್ನು ಬೇಡವೆನ್ನುವ ಪ್ರಾಟೆಸ್ಟಂಟರಿಗೂ ಇಲ್ಲಿ ಉತ್ತರ ಬೇರೆ ಬೇರೆ. ಆದರೆ ಮೂರ್ತಿ ನಿಲ್ಲುತ್ತದೆ, ಗೊಂಬೆ ಒಬ್ಬರ ಬೆರಳಿನ ಮೇಲೆ ತಲೆಯಾಡಿಸುತ್ತದೆ. ಈ ವ್ಯತ್ಯಾಸ ದೊಡ್ಡದು. ದೇವರ ಬಾಯಲ್ಲಿ ನಮ್ಮ ಮಾತು ಇಡುವುದು ಯಾರಿಗಾದರೂ ಅಳುಕಿನ ಕೆಲಸ. ಅನೇಕ ತಂಡಗಳು ಯೇಸುವನ್ನು ತೋರಿಸದೆ ಧ್ವನಿಯಲ್ಲೋ ಬೆಳಕಿನಲ್ಲೋ ಸೂಚಿಸುತ್ತವೆ. ಸಾಮತಿಗಳನ್ನು ಆರಿಸಿಕೊಂಡರೆ ಈ ತೊಡಕೇ ಇಲ್ಲ. ಅಲ್ಲಿ ಬರುವವರು ಅಪ್ಪ, ಮಗ, ದಾರಿಹೋಕ, ಬಿತ್ತುವ ರೈತ: ಎಲ್ಲ ಕೆಳಗಿನ ಅಂತಸ್ತಿನ ಜನ.

ಎಲ್ಲಕ್ಕಿಂತ ಕಠಿಣವಾದದ್ದು ಪರದೆಯ ಮುಂದೆ ಕೂರುವ ಮಕ್ಕಳ ಪ್ರಶ್ನೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ತೀರ್ಥಹಳ್ಳಿಯ ಪಾದ್ರಿ ಜೀವರತ್ನಯ್ಯ ನೆನಪಿರುತ್ತಾನೆ, ಅವನ ಬೈಸಿಕಲ್ಲೂ ನೆನಪಿರುತ್ತದೆ. ಹಳ್ಳಿಯ ಬಾಯಲ್ಲಿ ‘ಬೀಸೆಕಲ್ಲು’ ಆದ ಆ ಎರಡು ಗಾಲಿಯ ಬೆರಗು ಬೆಟ್ಟಳ್ಳಿಯ ದೇವಯ್ಯನನ್ನು ಸೆಳೆಯುತ್ತದೆ. ಸೈಕಲ್ಲಿನ ಬೆರಗು ಎಲ್ಲಿ ಮುಗಿಯಿತು, ಮತದ ಸೆಳೆತ ಎಲ್ಲಿ ಶುರುವಾಯಿತು ಎಂಬುದನ್ನು ಕುವೆಂಪು ಗೆರೆ ಎಳೆದು ಹೇಳುವುದಿಲ್ಲ. ಓದುಗ ನಗುತ್ತಲೇ ಅಳುಕುತ್ತಾನೆ. ಗೊಂಬೆಯೂ ಒಂದು ಬೀಸೆಕಲ್ಲಾಗಬಹುದು. ಪೇಟೆಯಲ್ಲಿ ಗೊಂಬೆಯಾಟ ಇದೆಯೆಂದರೆ ಬರುವ ಮಕ್ಕಳು ಒಂದೇ ಮತದವರಾಗಿರುವುದಿಲ್ಲ. ತನ್ನ ಮನೆಯ ಮಕ್ಕಳಿಗೆ ತನ್ನ ನಂಬಿಕೆಯ ಕಥೆ ಹೇಳುವುದು ಪ್ರತಿ ಸಮುದಾಯದ ಹಕ್ಕು, ಸಂತೋಷ. ನೆರೆಮನೆಯ ಮಗುವನ್ನು ತಂದೆತಾಯಿಗೆ ತಿಳಿಯದಂತೆ ಆಟದ ಆಸೆ ತೋರಿಸಿ ಕರೆತಂದು ಪಾಠ ಹೇಳುವುದು ಬೇರೆ ಮಾತು.

ಈ ಗೆರೆಯನ್ನು ಸಂವಿಧಾನವೂ ಎಳೆದಿದೆ. 28ನೆಯ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಂಥ ಬೋಧನೆಯಿದ್ದರೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಕೂರಿಸುವಂತಿಲ್ಲ. ಮತಾಂತರದ ವಿಷಯವಾಗಿ ಕರ್ನಾಟಕದಲ್ಲಿ 2022ರಲ್ಲಿ ಕಾಯ್ದೆ ಬಂದಾಗ ‘ಆಮಿಷ’ ಎಂಬ ಪದದ ಸುತ್ತ ಬಹಳ ವಾದ ನಡೆಯಿತು. 2023ರಲ್ಲಿ ಆ ಕಾಯ್ದೆಯನ್ನು ಹಿಂತೆಗೆದುಕೊಳ್ಳಲು ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಅನುಮಾನದ ಹೊಗೆ ಏಳುವ ಜಾಗದಲ್ಲಿ ಗೊಂಬೆಯಾಟ ನಡೆಯಲಾರದು. ಸರ್ಕಾರಿ ಶಾಲೆಯವರು ಆಟಕ್ಕೆ ಕರೆದರೆ ಅಲ್ಲಿಗೆ ಒಯ್ಯಬೇಕಾದದ್ದು ಮಂಗನ ಕಥೆಯನ್ನೋ ಮಳೆನೀರಿನ ಕಥೆಯನ್ನೋ, ಸಾಮತಿಯನ್ನಲ್ಲ. ಚರ್ಚಿನ ಅಂಗಳದ ಆಟಕ್ಕೆ ಅನ್ಯಮತದ ಮಕ್ಕಳು ಬರುವುದಾದರೆ ಇಂಥ ಕಥೆ ಆಡುತ್ತೇವೆ ಎಂದು ಮನೆಯವರಿಗೆ ಮೊದಲೇ ಹೇಳಬೇಕು, ಸಾಧ್ಯವಾದರೆ ಅವರನ್ನೂ ಕರೆಯಬೇಕು. ಸಭಿಕರಲ್ಲಿ ನಾಲ್ಕು ಅಜ್ಜಿಯಂದ ಿರಿದ್ದರೆ ಆಟಕ್ಕೂ ಕಳೆ.

ಮಕ್ಕಳ ಕ್ಷೇಮದ ಮಾತೂ ಇದರೊಳಗೇ ಸೇರಿದೆ. ಅಭ್ಯಾಸ ಸಂಜೆ ಹೊತ್ತು ನಡೆಯುತ್ತದೆ, ಪರದೆಯ ಹಿಂದೆ ಇಕ್ಕಟ್ಟು, ಕತ್ತಲು. 2012ರ ಪೋಕ್ಸೊ ಕಾಯ್ದೆಯನ್ನು ಮಕ್ಕಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು. ಒಬ್ಬರೇ ದೊಡ್ಡವರು ಒಂದು ಮಗುವಿನ ಜೊತೆ ಅಭ್ಯಾಸದ ಕೋಣೆಯಲ್ಲಿ ಉಳಿಯದಂತೆ ಏರ್ಪಾಡಿರಬೇಕು, ಬಾಗಿಲು ತೆರೆದಿರಬೇಕು, ಕತ್ತಲಾಗುವ ಮೊದಲು ಮನೆ ಸೇರಿಸಬೇಕು. ಇದನ್ನು ಹೇಳಿದರೆ ಕೆಲವರಿಗೆ ಕಸಿವಿಸಿಯಾಗುತ್ತದೆ, ಆದರೂ ಹೇಳಲೇಬೇಕು.

ಆಟ ಮುಗಿದ ಮೇಲೆ ಏನು ಮಾಡಬೇಕೆಂಬುದರ ಬಗ್ಗೆ ಎರಡು ಅಭಿಪ್ರಾಯಗಳಿವೆ. ಗೊಂಬೆ ಜೀವಂತವೆಂಬ ಭ್ರಮೆ ಒಡೆಯಬಾರದು, ಅದನ್ನು ಬರಿಗೈಯಲ್ಲಿ ಜೋತಾಡುವಂತೆ ಮಕ್ಕಳಿಗೆ ತೋರಿಸಲೇಬಾರದು ಎನ್ನುವವರುಂಟು. ನನಗೆ ಇನ್ನೊಂದು ಪಕ್ಷವೇ ಸರಿಯೆನಿಸುತ್ತದೆ. ಆಟ ಮುಗಿದೊಡನೆ ಪರದೆ ಸರಿಸಿ, ಬೆವೆತ ಹುಡುಗರು ಗೊಂಬೆಗಳ ಸಮೇತ ಎದ್ದು ನಿಲ್ಲಬೇಕು. ಯಾವ ಕೈ ಯಾವ ಗೊಂಬೆಯನ್ನು ಆಡಿಸಿತು ಎಂಬುದು ಎಲ್ಲರಿಗೂ ಕಾಣಬೇಕು. ಮುಂದಿನ ಸಾಲಿನವರು ಓಡಿ ಬಂದು ಹಾಳೆಯ ಮೂಗು ಮುಟ್ಟುತ್ತಾರೆ, ಒಳಗೆ ಕೈ ತೂರಿಸಿ ನೋಡುತ್ತಾರೆ. ಒಂದು ಗಳಿಗೆ ಕಳೆದರೆ ಅದೇ ಮಗು ಕೈಯೊಳಗಿನ ಗೊಂಬೆಯನ್ನು ಮುಖದ ಮುಂದೆ ಹಿಡಿದು, ಗೌರಿ ಸಿಕ್ಕಿದ ಮೇಲೆ ಅವಳಿಗೆ ಹುಲ್ಲು ಹಾಕಿದೆಯೋ ಇಲ್ಲವೋ ಎಂದು ವಿಚಾರಿಸುತ್ತಿರುತ್ತದೆ.